ಕೊಸರಿಗೆ ಹಾಕಿದ ಪಟ್ಟಿ

ಯಾರೂ ಕೇಳದೆ ನಾನು ಒಂದು ಕಾರಿಗೆ ಎರಡು ಪಟ್ಟಿ ಹೆಚ್ಚಿಗೆ ಹಾಕಿದೆ. ಒಳ್ಳೆಯದಕ್ಕೇ ಹಾಕಿದೆ. ಒಳ್ಳೆಯದಕ್ಕೆ ಮಾಡಿದ್ದು ಅಂತ ಹೇಳಿಕೊಂಡರೆ ಆದದ್ದೇನೂ ಕಡಿಮೆಯಾಗುವುದಿಲ್ಲ. ಅದಕ್ಕೇ ಆ ಮಾತನ್ನು ಮೊದಲೇ ಹೇಳಿ ಮುಗಿಸಿದ್ದೇನೆ.

ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಯ ಪಕ್ಕಕ್ಕೆ ನಮ್ಮದು ಕಮಾನು ಕಟ್ಟುವ ಕುಲುಮೆ. ಲಾರಿಯ ಚಕ್ರದ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದೇ ಕಮಾನು. ಭಾರ ಹೊತ್ತು ಹೊತ್ತು ಪಟ್ಟಿ ಚಪ್ಪಟೆಯಾಗುತ್ತದೆ, ಇಲ್ಲವೇ ಮುರಿಯುತ್ತದೆ. ನಾವು ಬಿಚ್ಚಿ, ಕಾಯಿಸಿ, ಬಡಿದು ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟು ಮತ್ತೆ ಕಟ್ಟುತ್ತೇವೆ. ನಮ್ಮ ಯಜಮಾನರು ಇಕ್ಕಳ ಹಿಡಿಯುತ್ತಿದ್ದರು, ನಾನು ದೊಡ್ಡ ಸುತ್ತಿಗೆ ಹೊಡೆಯುತ್ತಿದ್ದೆ. ಮದುವೆಯಾಗಿ ಬಂದ ವರ್ಷದಿಂದ ಹೊಡೆದಿದ್ದೇನೆ. ಬೆಂಕಿ ನೋಡಿ ನೋಡಿ ಅವರ ಕಣ್ಣು ಮಂಜಾದ ಮೇಲೆ ಉಕ್ಕಿನ ಬಣ್ಣ ನೋಡಿ ‘ಈಗ ತೆಗೀರಿ’ ಅನ್ನುವ ಕೆಲಸವೂ ನನಗೇ ಬಂತು. ಬಿಚ್ಚಿದ ಪಟ್ಟಿಗಳು ಹಿಂದುಮುಂದಾಗದ ಹಾಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಅಂತ ಅವುಗಳ ಮೇಲೆ ಬರೆಯುವುದೂ ನಾನೇ. ಬಹಳ ವರ್ಷ ನನ್ನ ಬರವಣಿಗೆ ಅಷ್ಟರಲ್ಲೇ ಇತ್ತು.

ನಮ್ಮ ಕಡೆ ಕೊಸರು ಅಂತ ಇದೆ. ಸಂತೆಯಲ್ಲಿ ಶೇಂಗಾ ಅಳೆದವಳು ಸೇರು ತುಂಬಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾಳೆ. ಹಾಲಿನವಳು ಲೋಟ ಅಳೆದ ಮೇಲೆ ಇನ್ನೊಂದು ಚೂರು ಸುರಿಯುತ್ತಾಳೆ. ಅದು ಅಳತೆಗೆ ಸೇರಿದ್ದಲ್ಲ, ಕೊಡುವವರ ಮನಸ್ಸಿಗೆ ಸೇರಿದ್ದು. ಕುಲುಮೆಯಲ್ಲೂ ಕೊಸರು ಇತ್ತು. ಬೇಕಾದ ಲಾರಿಯವನು ಬಂದರೆ ಹಳೆಯ ಉಕ್ಕಿನಲ್ಲಿ ಒಂದು ಪಟ್ಟಿ ಕತ್ತರಿಸಿ, ಇರುವ ಪಟ್ಟಿಗಳ ಜೊತೆ ಸೇರಿಸಿ ಕಟ್ಟಿಬಿಡುತ್ತಿದ್ದೆವು. ಲಾರಿಯವನಿಗೆ ಖುಷಿ. ಅವನು ಹೇರುವುದು ಹೇಗಿದ್ದರೂ ಹೆಚ್ಚು. ಪಟ್ಟಿ ಜಾಸ್ತಿಯಾದರೆ ಗಾಡಿ ಗಟ್ಟಿಯಾಗುತ್ತದೆ ಅನ್ನುವುದು ಬಿಟ್ಟು ಬೇರೆ ಏನನ್ನೂ ನಾನು ಯೋಚನೆ ಮಾಡಿದವಳಲ್ಲ.

ಆ ಕಾರು ಬಂದದ್ದು ಏಳೆಂಟು ವರ್ಷದ ಕೆಳಗೆ. ಹಿಂದೆ ಅಧಿಕಾರಿಗಳು ಓಡಾಡುತ್ತಿದ್ದಂಥ ಗುಂಡುಗುಂಡಾದ ಹಳೆಯ ಕಾರು, ಹಾಲಿನ ಕೆನೆಯ ಬಣ್ಣ. ಓಡಿಸಿಕೊಂಡು ಬಂದವರು ಮೊಳಕಾಲ್ಮೂರಿನ ಒಬ್ಬ ನೇಕಾರರು, ಅರವತ್ತೈದು ದಾಟಿದವರು. ಮಗ್ಗ ಬಿಟ್ಟು ಊರೂರಿಗೆ ರೇಷ್ಮೆ ಸೀರೆ ಮಾರಲು ಹೊರಟ ಕಾಲದಲ್ಲಿ ಕೊಂಡ ಕಾರಂತೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕಾಲು ಮಡಿಚಿಕೊಂಡು ಅಡ್ಡಾಗಿದ್ದಳು.

“ಇಳೀರಿ, ಗಾಡಿ ಎತ್ತಬೇಕು” ಅಂದೆ.

“ಇಳಿಯೋಕೆ ಹೊತ್ತು ಹಿಡೀತದೆ ಚೆಲ್ಲಿ. ಅವಸರ ಮಾಡಬ್ಯಾಡ” ಅಂದಳು.

ಅವರ ಮನೆಮಾತು ತೆಲುಗು. ಚೆಲ್ಲಿ ಅಂದರೆ ತಂಗಿ. ಇಬ್ಬರಿಗೂ ಹುಟ್ಟಿದ ವರ್ಷ ಗೊತ್ತಿಲ್ಲ, ನಾನೇ ದೊಡ್ಡವಳಿದ್ದರೂ ಇರಬಹುದು. ಆದರೂ ಅವಳು ತಂಗಿ ಅಂದಳು, ನಾನು ಅಕ್ಕ ಅಂದೆ. ಅವತ್ತಿನಿಂದ ಅದೇ ಉಳಿಯಿತು.

ಬೇವಿನ ಮರದ ಕೆಳಗೆ ನವಾರದ ಮಂಚ ಹಾಕಿ ಅವಳನ್ನು ಮಲಗಿಸಿದೆ. ನಲವತ್ತು ವರ್ಷ ಗುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಮಗ್ಗದ ಮುಂದೆ ಬಗ್ಗಿ ಕೂತವಳು. ಬೆನ್ನಿನ ಮೂಳೆ ಸವೆದಿದೆ ಅಂತ ಡಾಕ್ಟರು ಹೇಳಿದ್ದರು. ಬಸ್ಸು ಹತ್ತುವ ಹಾಗಿಲ್ಲ. ಮಕ್ಕಳ ಹೊಸ ಕಾರಿನಲ್ಲಿ ಕೂತರೆ ಒಂದೊಂದು ಗುಂಡಿಗೂ ಜೀವ ಬಾಯಿಗೆ ಬರುತ್ತದೆ. ಈ ಹಳೆಯ ಕಾರಿನ ಹಿಂದಿನ ಸೀಟು ಒಂದೇ ಅವಳನ್ನು ನೋಯಿಸದೆ ಹೊತ್ತು ತರುತ್ತಿತ್ತು. ತಿಂಗಳಿಗೆ ಎರಡು ಸಲ ಅದರಲ್ಲಿ ಮಲಗಿಕೊಂಡು ಚಳ್ಳಕೆರೆಗೆ ಬರುತ್ತಿದ್ದಳು. ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳ ತಮ್ಮನ ಮನೆ. ಆ ಎರಡು ದಿನ ಬಿಟ್ಟರೆ ಉಳಿದ ದಿನವೆಲ್ಲ ಮನೆಯ ಸೂರೇ ಗತಿ.

ಈಗ ಆ ಕಾರಿಗೇ ರೋಗ ಬಂದಿತ್ತು. ತಿರುವಿನಲ್ಲಿ ಒಂದು ಕಡೆಗೆ ವಾಲುತ್ತಿತ್ತು. ನೆಟ್ಟಗಿರುವ ರಸ್ತೆಯಲ್ಲೂ ದೊಡ್ಡ ಲಾರಿ ಪಕ್ಕಕ್ಕೆ ಬಂದರೆ ಓಲಾಡುತ್ತಿತ್ತು. ತಳಕಿನ ಹತ್ತಿರ ಒಮ್ಮೆ ರಸ್ತೆ ಬಿಟ್ಟು ಜಾಲಿ ಗಿಡದವರೆಗೂ ಹೋಗಿ ನಿಂತಿತಂತೆ.

“ಹುಲ್ಲು ಹೇರಿದ ಬಂಡಿ ಹಂಗೆ ವಾಲ್ತೈತೆ” ಅಂದರು ಅಕ್ಕನ ಗಂಡ, ಆ ಅಣ್ಣಾರು. “ಯುಗಾದಿ ಒಳಗೆ ನೆಟ್ಟಗಾಗಲಿಲ್ಲ ಅಂದ್ರೆ ಗುಜರಿಗೆ ಹಾಕ್ತೀವಿ ಅಂತ ಹುಡುಗರು ಕುಂತಾರೆ. ಗಾಡಿ ಹೋದ್ರೆ ನನಗೇನೂ ಇಲ್ಲ. ಇವಳು ಹೊಸ್ತಿಲು ದಾಟಂಗಿಲ್ಲ. ಓಲಾಡೋದು ನಿಲ್ಲಬೇಕು, ಇವಳ ಬೆನ್ನಿಗೂ ಏಟು ಬೀಳಬಾರ್ದು. ಎರಡೂ ಆಗಬೇಕು ನನಗೆ.”

“ಎರಡೂ ಆಗಬೇಕಂದ್ರೆ ನಿಧಾನ ಆಗ್ತತ್ರಿ” ಅಂದರು ನಮ್ಮ ಯಜಮಾನರು.

“ಆಗಲಿ ಬಿಡ್ರಿ. ಮಂಚ ಚೆನ್ನಾಗೈತೆ” ಅಂದಳು ಅಕ್ಕ.

ಜಾಕಿ ಕೊಟ್ಟು ಎತ್ತಿ, ಕೆಳಗೆ ದಿಮ್ಮಿ ಇಟ್ಟು, ಹಿಂದಿನ ಚಕ್ರದ ಕಮಾನು ಬಿಚ್ಚಿದೆವು. ಆ ಕಾರಿಗೆ ಹಿಂದಕ್ಕೆ ಮಾತ್ರ ಪಟ್ಟಿ. ಮುಂದಿನ ಚಕ್ರಗಳಿಗೆ ಬೇರೆ ತರದ ಏರ್ಪಾಟು. ಯಜಮಾನರು ಕಣ್ಣಿಗೆ ಬದಲು ಬೆರಳಿನಲ್ಲೇ ನೋಡಿದರು. “ತುಕ್ಕು ತಿಂದು ಒಂದಕ್ಕೊಂದು ಅಂಟ್ಕೊಂಡಾವೆ. ಪಟ್ಟಿ ಮೇಲೆ ಪಟ್ಟಿ ಜಾರಬೇಕು. ಉಜ್ಜಿ, ಬಾಗು ಎತ್ತಿ, ಗ್ರೀಸು ಹಚ್ಚಿ ಕಟ್ಟಿದ್ರೆ ಸಾಕು. ಎಷ್ಟಿದ್ವೋ ಅಷ್ಟೇ.”

ಅಷ್ಟರಲ್ಲಿ ರಸ್ತೆಯ ಆ ಕಡೆ ಗ್ಯಾರೇಜಿನ ಮೇಸ್ತ್ರಿ ಟೀ ಕುಡಿಯುತ್ತ ಈ ಕಡೆ ಬಂದ. ಬಗ್ಗಿ ಕಾರಿನ ಕೆಳಗೆ ಕತ್ತು ಹಾಕಿದ. ಒಂದು ಸಲಾಕೆ ತೂರಿಸಿ ಅಲ್ಲಾಡಿಸಿದ.

“ಅಮ್ಮಾ, ಪಟ್ಟಿ ಮಾತು ಆಮೇಲೆ. ಈ ರಬ್ಬರ್ ಬುಷ್‌ ಎಲ್ಲಾ ಖತಂ. ಎಲ್ಲಾ ಕಡೆ ಆಟ ಐತೆ. ಗಾಡಿ ಓಲಾಡೋದು ಇದಕ್ಕೇ” ಅಂದ.

ಆಟ ಅಂದರೆ ಅವರ ಮಾತಿನಲ್ಲಿ ಸಡಿಲ. ಕಬ್ಬಿಣ ಕಬ್ಬಿಣ ಸೇರುವ ಕಡೆ ರಬ್ಬರು ಸವೆದು ಜಾಗ ಬಿಟ್ಟಿರುವುದು. ನನಗೂ ಗೊತ್ತಿತ್ತು. ಆದರೆ ನಮ್ಮ ಕುಲುಮೆಗೆ ಬಂದ ಗಿರಾಕಿಯ ಮುಂದೆ ಬಂದು ಹೇಳಿದನಲ್ಲ, ಅದು ನನಗೆ ಸೇರಲಿಲ್ಲ.

“ಆಟ ಇದ್ರೆ ಹೋಗಿ ಆಡ್ಕೋ ಹೋಗು. ನಿನ್ನ ರಬ್ಬರು ಮಾರೋಕೆ ನಮ್ಮ ಜಾಗ ಬೇಕಾ?” ಅಂದೆ.

ಅಕ್ಕ ಮಂಚದ ಮೇಲೆ ಮಲಗಿದ್ದಂತೆಯೇ ನಕ್ಕಳು. ಅವಳು ನಕ್ಕಳೆಂದು ನನಗೆ ಇನ್ನೂ ಹುರುಪು ಏರಿತು. ಮೇಸ್ತ್ರಿ ಲೋಟ ಹಿಡಿದುಕೊಂಡು ಹೊರಟು ಹೋದ. ಹೋಗುವಾಗ “ನಾನು ಹೇಳೋದು ಹೇಳಿದೀನಿ” ಅಂದ, ಅಷ್ಟೇ.

ಕೆಲಸ ನಾಲ್ಕು ದಿನ ಹಿಡಿಯಿತು. ಅಕ್ಕ ತಮ್ಮನ ಮನೆಯಲ್ಲಿ ಉಳಿದಳು. ದಿನಾ ಮಧ್ಯಾಹ್ನ ಅಣ್ಣಾರ ಕೈ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ಮಂಚದ ಮೇಲೆ ಒರಗುತ್ತಿದ್ದಳು. ನಾನು ಸುತ್ತಿಗೆ ಹೊಡೆಯುವುದನ್ನು ನೋಡುತ್ತಿದ್ದಳು. “ನಿನಗೆ ನೋಯಲ್ವೇನೆ?” ಅಂತ ಕೇಳಿದಳು. “ನೋಯ್ತತೆ. ಅದಕ್ಕೇನೀಗ?” ಅಂದೆ. ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದಳು, ಇಬ್ಬರೂ ತಿನ್ನುತ್ತಿದ್ದೆವು. ನನಗೆ ಅದುವರೆಗೆ ಗೆಳತಿ ಅಂತ ಯಾರೂ ಇರಲಿಲ್ಲ. ಕುಲುಮೆಗೆ ಹೆಂಗಸರು ಬರುವುದಿಲ್ಲ. ನನ್ನ ಬಾಯಿಗೆ ಹೆದರಿ ಓಣಿಯವರೂ ಬರುವುದಿಲ್ಲ.

ಅವಳಿಗೆ ಏನಾದರೂ ಕೊಡಬೇಕು ಅನ್ನಿಸಿತು. ನನ್ನ ಹತ್ತಿರ ಇದ್ದದ್ದು ಉಕ್ಕು. ಮುರಿದ ಲಾರಿಯ ಕಮಾನಿನಲ್ಲಿ ಒಳ್ಳೆಯ ಪಟ್ಟಿ ಆರಿಸಿ, ಎರಡು ತುಂಡು ಮಾಡಿ, ಬಡಿದು ತೆಳ್ಳಗೆ ಮಾಡಿದೆ. ಎಷ್ಟು ಬಡಿದರೂ ಕಾರಿನ ಪಟ್ಟಿಗಿಂತ ಅದು ದಪ್ಪವೇ ಉಳಿಯಿತು. ದಪ್ಪ ಇದ್ದರೆ ಇನ್ನೂ ಒಳ್ಳೆಯದು ಅಂದುಕೊಂಡೆ. ಉಜ್ಜಿ ಉಜ್ಜಿ ಹೊಳಪು ಬರಿಸಿ ಮಂಚದ ಹತ್ತಿರ ತಂದು ತೋರಿಸಿದೆ.

“ಇದು ನಿನಗೆ ಅಕ್ಕ. ಎರಡೂ ಕಡೆಗೆ ಒಂದೊಂದು. ಕೊಸರು.”

ಅವಳು ಸೀರೆಯ ಅಂಚು ನೋಡುವ ಹಾಗೆ ಅದನ್ನು ಬೆರಳಿನಲ್ಲಿ ಸವರಿದಳು. “ಕಬ್ಬಿಣದಾಗೂ ಕೊಸರು ಕೊಡ್ತಾರಾ?” ಅಂತ ಕೇಳಿದಳು.

ಕಟ್ಟುವಾಗ ಯಜಮಾನರ ಕೈಗೆ ಅದು ಸಿಕ್ಕಿತು. “ಇದೊಂದು ಹೆಚ್ಚಿಗೆ ಐತಲ್ಲ?”

“ಕೊಸರು.”

“ಇದು ಲಾರಿ ಅಲ್ಲ ಕಣೇ. ಒಳಗೆ ಬರೋದು ಮೂಟೆ ಅಲ್ಲ.”

“ಮೂಟೆ ಅಲ್ಲ ಅಂತಾನೇ ಹಾಕಿದ್ದು. ಕಟ್ಟಿ ಸುಮ್ಮನೆ.”

ಕಟ್ಟಿದರು. ಮನೆಯಲ್ಲಿ ನನ್ನ ಮಾತು ನಡೆಯುತ್ತಿತ್ತು. ಅದು ನಡೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ಕಾರು ನೆಟ್ಟಗಾಯಿತು. ಅದು ಸುಳ್ಳಲ್ಲ. ಅಣ್ಣಾರು ತಳಕಿನವರೆಗೆ ಹೋಗಿ ಬಂದು, “ಗೆರೆ ಹೊಡೆದಂಗೆ ಹೋಗ್ತೈತೆ ಕಣಮ್ಮ, ತಿರುವಿನಾಗೆ ವಾಲೋದೇ ಇಲ್ಲ” ಅಂದರು. ಮಕ್ಕಳು ಗುಜರಿಯ ಮಾತು ಬಿಟ್ಟರು. ಮುಂದಿನ ಸಲ ಬಂದಾಗ ಅಕ್ಕ ನನಗೊಂದು ರೇಷ್ಮೆ ರವಿಕೆ ಕಣ ತಂದಳು, ಬದನೆಕಾಯಿ ಬಣ್ಣದ್ದು. “ಹೆಂಗೈತಕ್ಕ ಈಗ ಗಾಡಿ?” ಅಂತ ಕೇಳಿದೆ.

“ಪರ್ವಾಲೇದು” ಅಂದಳು.

ಪರವಾಗಿಲ್ಲ ಅನ್ನುವ ನಮ್ಮ ಮಾತೇ ಅದು ತೆಲುಗಿನಲ್ಲಿ. ಚೆನ್ನಾಗಿದೆ ಅಂತಲೂ ಅನ್ನಬಹುದು, ತಡೆದುಕೊಳ್ಳುತ್ತೇನೆ ಅಂತಲೂ ಅನ್ನಬಹುದು. ನನಗೆ ಬೇಕಾದ ಅರ್ಥವನ್ನು ನಾನು ಇಟ್ಟುಕೊಂಡೆ.

ಅದರ ಮುಂದಿನ ಸಲ ಸೀಟಿನ ಮೇಲೆ ಒಂದು ದಿಂಬು ಬಂತು. ಆಮೇಲೆ ಎರಡು. ಆಮೇಲೆ ಮಡಿಚಿದ ಕಂಬಳಿ. “ಏನಕ್ಕ, ಕಾರಿನಾಗೇ ಸಂಸಾರ ಹೂಡ್ತೀಯಾ? ಒಲೆ ಒಂದು ತಗಂಬಾ” ಅಂತ ಹಂಗಿಸಿದೆ. ನಕ್ಕಳು. ಮಂಚಕ್ಕೆ ಬಂದು ಒರಗಿದ ಮೇಲೆ ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. ಮೊದಲೆಲ್ಲ ಬಂದ ಕೂಡಲೇ ಮಾತು ಶುರು ಮಾಡುತ್ತಿದ್ದಳು. ನೋಡಿದೆ. ನೋಡಿದ್ದನ್ನು ಯೋಚನೆ ಮಾಡಲಿಲ್ಲ.

ತಿಂಗಳಿಗೆ ಎರಡು ಸಲ ಇದ್ದದ್ದು ಒಂದು ಸಲವಾಯಿತು. ಆಮೇಲೆ ನಿಂತೇ ಹೋಯಿತು. ಅಣ್ಣಾರು ಒಬ್ಬರೇ ಬಂದು ಹೋಗುತ್ತಿದ್ದರು. ಕೇಳಿದರೆ “ಮೈಯಾಗೆ ಹುಷಾರಿಲ್ಲ ಕಣಮ್ಮ” ಅನ್ನುತ್ತಿದ್ದರು. ಎರಡು ಸಲ ಕೇಳಿದೆ. ಮೂರನೆಯ ಸಲ ನನ್ನ ತಲೆ ಕೆಟ್ಟಿತು.

“ಹುಷಾರಿಲ್ಲ ಅಂತ ಹೇಳು ಅಂದ್ಲಾ? ರೇಷ್ಮೆ ಮನೆಯೋರಿಗೆ ನಮ್ಮ ಮಸಿ ಹತ್ತತೈತೆ ಅಂತ ಭಯ ಇರಬೇಕು. ಹೋಗಿ ಹೇಳ್ರಿ, ಮಂಚ ಎತ್ತಿ ಒಳಗಿಟ್ಟೀನಿ ಅಂತ.”

ಅಣ್ಣಾರು ಕಾರು ಹತ್ತಿದರು. ನಾನು ನಿಜವಾಗಿಯೂ ಮಂಚ ಎತ್ತಿ ಒಳಗಿಟ್ಟೆ. ಅದರ ಮೇಲೆ ಇದ್ದಿಲಿನ ಚೀಲ ಪೇರಿಸಿದೆ. ನಾಲ್ಕೈದು ತಿಂಗಳು ಹಾಗೇ ಕಳೆಯಿತು.

ಆಮೇಲೆ ದೇವಸಮುದ್ರದಲ್ಲಿ ನಮ್ಮ ದೊಡ್ಡಮ್ಮನ ಮಗಳ ತಿಥಿ ಬಂತು. ನಾನು ಬಸ್ಸಿಗೆ ಕಾದು ನಿಂತಿದ್ದೆ. ಬಸ್ಸು ಬರಲಿಲ್ಲ, ಆ ಕಾರು ಬಂತು. ಮಾತು ಬಿಟ್ಟು ಅಷ್ಟು ದಿನವಾಗಿದ್ದರೂ ಅಣ್ಣಾರು ನಿಲ್ಲಿಸಿದರು.

“ಹತ್ತಮ್ಮ. ಮೊಳಕಾಲ್ಮೂರಿಗೆ ಬಿಡ್ತೀನಿ. ಅಲ್ಲಿಂದ ದೇವಸಮುದ್ರದ ಬಸ್ಸು ಸಿಗ್ತೈತೆ.”

ಮುಂದಿನ ಸೀಟಿನಲ್ಲಿ ಸೀರೆಯ ಗಂಟುಗಳು ಇದ್ದವು. ಹಿಂದೆ ಕೂತೆ. ಅದುವರೆಗೆ ಆ ಕಾರಿನ ಕೆಳಗೆ ಮಲಗಿದ್ದೆನೇ ಹೊರತು ಒಳಗೆ ಕೂತವಳಲ್ಲ.

ಊರು ದಾಟುವವರೆಗೆ ಏನೂ ಅನ್ನಿಸಲಿಲ್ಲ. ಮೊದಲನೆಯ ಗುಂಡಿ ಬಂತು. ಸೀಟು ನನ್ನನ್ನು ಎತ್ತಿ ಒಗೆಯಿತು. ಚಕ್ರ ತಿಂದ ಏಟು ಎಲ್ಲೂ ಕರಗದೆ ನೇರವಾಗಿ ಸೊಂಟಕ್ಕೆ ಬಂತು, ಸೊಂಟದಿಂದ ಕತ್ತಿಗೆ ಹೋಯಿತು. ಖಾಲಿ ಲಾರಿಯ ಹಿಂದೆ ನಿಂತು ಹೋಗುವಾಗ ಹೀಗೇ ಆಗುತ್ತದೆ. ಎರಡನೆಯ ಗುಂಡಿ. ಆಮೇಲೆ ತಳಕಿನ ರಸ್ತೆ ಉಬ್ಬು. ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಅಕ್ಕನ ದಿಂಬು ಎರಡೂ ಸೀಟಿನ ಮೂಲೆಯಲ್ಲಿ ಹಾಗೇ ಬಿದ್ದಿದ್ದವು.

“ಅಣ್ಣಾರೆ, ಮುಂದೆ ಹೆಂಗೈತ್ರಿ?” ಅಂತ ಕೇಳಿದೆ.

“ಏನೂ ಗೊತ್ತಾಗಂಗಿಲ್ಲ ಕಣಮ್ಮ. ಆರಾಮ.”

“ಹಿಂದೆ ಯಾವಾಗಾನ ಕುಂತೀರಾ?”

“ನಾನು ಹಿಂದೆ ಕುಂತ್ರೆ ಓಡಿಸೋರು ಯಾರು?”

ಅವರಿಗೆ ಗೊತ್ತೇ ಇರಲಿಲ್ಲ. ಮುಂದಿನ ಚಕ್ರಕ್ಕೆ ನಾನು ಕೈ ಹಚ್ಚಿರಲಿಲ್ಲವಲ್ಲ. ಗಂಡ ಮುಂದೆ ಆರಾಮವಾಗಿ ಕೂತು ನನ್ನ ಕೆಲಸ ಹೊಗಳಿಕೊಂಡು ಓಡಿಸಿದ್ದಾರೆ, ಹೆಂಡತಿ ಹಿಂದೆ ಬಾಯಿಗೆ ಸೆರಗು ಹಿಡಿದು ಮಲಗಿದ್ದಾಳೆ. ಎಷ್ಟು ಸಲ ಅಂತ ಲೆಕ್ಕ ಹಾಕಲು ಹೋದೆ, ಬಿಟ್ಟೆ.

ತಿಥಿಗೆ ಹೋಗಲಿಲ್ಲ. ಕಾರಿನಲ್ಲೇ ಅವರ ಮನೆಗೆ ಹೋದೆ. ಅಕ್ಕ ಮಗ್ಗದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎದ್ದು ಕೂರಲು ಸೊಸೆ ಹಿಡಿದುಕೊಳ್ಳಬೇಕಿತ್ತು. ಮೈ ಅರ್ಧಕ್ಕೆ ಇಳಿದುಹೋಗಿತ್ತು.

“ಬಂದ್ಯಾ? ಮಂಚ ಒಳಗಿಟ್ಟೆಯಂತೆ” ಅಂದಳು.

“ಯಾಕೆ ಹೇಳಲಿಲ್ಲ?”

“ಏನನ್ನ?”

“ಆ ಪಟ್ಟಿ ನಿನ್ನ ಬೆನ್ನು ಮುರೀತೈತೆ ಅಂತ. ಒಂದ್ ಮಾತು ಅಂದಿದ್ರೆ ಒಂದು ಮಧ್ಯಾಹ್ನದಾಗೆ ಬಿಚ್ಚಿ ಒಗೀತಿದ್ದೆ.”

“ದುಡ್ಡು ಇಸ್ಕೊಂಡು ಹಾಕಿದ್ರೆ ಹೇಳ್ತಿದ್ದೆ ಚೆಲ್ಲಿ. ನೀನು ಕೊಸರು ಅಂದೆ. ಕೊಸರನ್ನ ಹೆಂಗೆ ತಿರುಗಿ ಕೊಡಲಿ? ಅಷ್ಟು ಬಡಿದು, ಉಜ್ಜಿ ತಂದು ತೋರಿಸಿದ್ದೆ. ನಿನ್ನ ಮಖ ನೋಡಿ ಹೇಳಾಕೆ ಬಾಯಿ ಬರಲಿಲ್ಲ.”

“ನನ್ನ ಮಖ ನೋಡ್ಕೊಂಡು ಮೈ ಕೆಡಿಸ್ಕೊಂಡ್ಯಾ?”

“ಮೊದಲೇ ಕೆಟ್ಟಿತ್ತು ಬಿಡೇ. ನೀನೊಬ್ಬಳೇ ಕೆಡಿಸಿದ್ದಾ ಇದನ್ನ?”

ನಾನು ಅಳುವವಳಲ್ಲ. ಅಲ್ಲೂ ಅಳಲಿಲ್ಲ. ಸೊಸೆ ತಂದ ಕಾಫಿ ಕುಡಿಯದೆ ಎದ್ದು ಬಂದು, “ಕಾರು ತಿರುಗಿಸ್ರಿ ಅಣ್ಣಾರೆ, ಚಳ್ಳಕೆರೆಗೆ” ಅಂದೆ.

ಕುಲುಮೆಗೆ ಬಂದವಳೇ ಯಜಮಾನರಿಗೆ ಎಲ್ಲ ಹೇಳಿದೆ. ‘ನಾನು ಅವತ್ತೇ ಅಂದಿದ್ದೆ’ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. “ಕಟ್ಟಿದ ಕೈ ನಂದೂ ಹೌದು” ಅಂದು ಸ್ಪ್ಯಾನರು ತಗೊಂಡರು. ಆಮೇಲೆ ನಾನು ರಸ್ತೆ ದಾಟಿ ಗ್ಯಾರೇಜಿಗೆ ಹೋದೆ.

“ಏನಮ್ಮಾ, ರಬ್ಬರು ಮಾರೋಕೆ ಜಾಗ ಕೊಡ್ತೀರಾ?” ಅಂದ ಮೇಸ್ತ್ರಿ. ಅಷ್ಟು ದಿನ ಆ ಮಾತನ್ನು ಇಟ್ಟುಕೊಂಡಿದ್ದ.

“ಕೊಡ್ತೀನಿ ಬಾ. ಆಟ ತೋರಿಸು” ಅಂದೆ.

ಬಂದ. ನನ್ನ ಎರಡು ಪಟ್ಟಿ ಬಿಚ್ಚಿ ಹೊರಗೆಳೆದೆವು. ಉಳಿದವನ್ನು ಉಜ್ಜಿ, ತುದಿಗಳಲ್ಲಿ ಒಂದರ ಮೇಲೊಂದು ಜಾರುವ ಹಾಗೆ ತೆಳುವಾದ ನೈಲಾನ್ ತುಂಡು ಕೊಟ್ಟು ಕಟ್ಟಿದೆವು. ಮೇಸ್ತ್ರಿ ಸವೆದ ಬುಷ್‌ಗಳನ್ನೆಲ್ಲ ಹೊರಗೆ ಹಾಕಿ ಹೊಸದು ಕೂರಿಸಿದ. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆಯೇ ಇರಲಿಲ್ಲ, ಅದನ್ನೂ ಸರಿ ಮಾಡಿದ. ಟೈರಿಗೆ ಯಾರೋ ಕಲ್ಲಿನ ಹಾಗೆ ಗಾಳಿ ತುಂಬಿದ್ದರು, ಇಳಿಸಿದ. ಇಷ್ಟಕ್ಕೇ ಮುಕ್ಕಾಲು ಓಲಾಟ ನಿಂತಿತು. ತಿರುವಿನಲ್ಲಿ ವಾಲುವುದು ಮಾತ್ರ ಸ್ವಲ್ಪ ಉಳಿದಿತ್ತು.

ಅದಕ್ಕೂ ಅವನ ಹತ್ತಿರ ದಾರಿ ಇತ್ತು. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಒಂದು ದಪ್ಪ ಕಂಬಿ. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದರೆ ಆ ಕಂಬಿ ಅವುಗಳ ಜೊತೆ ಸುಮ್ಮನೆ ತಿರುಗುತ್ತದೆ. ತಿರುವಿನಲ್ಲಿ ಒಂದು ಕಡೆ ಮಾತ್ರ ಕುಸಿಯಲು ಹೋದರೆ ಇನ್ನೊಂದು ಕಡೆಯಿಂದ ತಿರುಚಿ ಹಿಡಿದುಕೊಳ್ಳುತ್ತದೆ. ಮೆತ್ತಗೂ ಇರುತ್ತದೆ, ವಾಲುವುದೂ ಇಲ್ಲ. ಗುಜರಿಯಿಂದ ಬೇರೊಂದು ಕಾರಿನ ಕಂಬಿ ತಂದ. ಅಳತೆಗೆ ಬರಲಿಲ್ಲ. ಯಜಮಾನರು ಇಕ್ಕಳ ಹಿಡಿದರು, ನಾನು ಬಣ್ಣ ನೋಡಿ ಹೇಳಿದೆ, ಅವನು ತೋರಿಸಿದ ಕಡೆ ಬಾಗಿಸಿ ಹದ ಕೊಟ್ಟೆವು. ಮೂವರೂ ಸೇರಿ ಮಾಡಿದ ಒಂದೇ ಕೆಲಸ ಅದು. ಅಕ್ಕ ಮಂಚದ ಮೇಲೆ ಮಲಗಿದ್ದ ಆ ನಾಲ್ಕು ದಿನದಲ್ಲೇ ಇದೆಲ್ಲ ಆಗಬಹುದಿತ್ತು.

ನೋಡಲು ತಳಕಿನವರೆಗೆ ಹೋದೆವು. ಮೇಸ್ತ್ರಿ ಓಡಿಸಿದ. ನಾನು ಹಿಂದಿನ ಸೀಟಿನಲ್ಲಿ ಅಕ್ಕನ ಹಾಗೆ ಕಾಲು ಮಡಿಚಿ ಅಡ್ಡಾದೆ. ಗುಂಡಿ ಬಂತು. ಏನೋ ಕೆಳಗೆ ಆಗಿ ಹೋಯಿತು ಅನ್ನಿಸಿತು, ಮೈಗೆ ಬರಲಿಲ್ಲ. ತಿರುವಿನಲ್ಲಿ ಸೀಟಿನಿಂದ ಜಾರಲಿಲ್ಲ.

“ಸಾಕಾ ಅಮ್ಮಾ?”

“ಆ ಗುಂಡಿಗೆ ಇನ್ನೊಂದ್ ಸಲ ಬಿಡು.”

“ಬೇಕಂತಲೇ ಗುಂಡಿಗೆ ಬಿಡು ಅಂದ ಗಿರಾಕಿ ಇದುವರೆಗೂ ಸಿಕ್ಕಿರಲಿಲ್ಲ” ಅಂದ. ಬಿಟ್ಟ. ಮೂರು ಸಲ ಬಿಡಿಸಿದೆ.

ಮರುದಿನ ಅಣ್ಣಾರ ಜೊತೆ ಮೊಳಕಾಲ್ಮೂರಿಗೆ ಹೋದೆ. ಮಕ್ಕಳು ಅಕ್ಕನನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾನು ಮುಂದೆ ಕೂತೆ. ಚಳ್ಳಕೆರೆಯಲ್ಲಿ ಇದ್ದಿಲಿನ ಚೀಲ ಇಳಿಸಿ ಮಂಚ ತೊಳೆದು ಮರದ ಕೆಳಗೆ ಹಾಕಿಸಿ ಬಂದಿದ್ದೆ. ಅಣ್ಣಾರು ತುಂಬಾ ನಿಧಾನ ಓಡಿಸಿದರು. ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಹಾನಗಲ್ ಕ್ರಾಸು ಮುಟ್ಟುವ ಮೊದಲೇ ಅವಳ ಹಣೆಯಲ್ಲಿ ಬೆವರು ಕಂಡಿತು.

“ಗುಂಡಿ ಏಟು ಬೀಳ್ತೈತಾ ಅಕ್ಕ?”

“ಇಲ್ಲ ಚೆಲ್ಲಿ. ಗಾಡಿ ಚೆನ್ನಾಗೈತೆ. ಸುಮ್ಮನೆ ಮಲಗಿದ್ರೂ ಹಿಂಗೇ ಆಗ್ತೈತೆ ಈಗ. ತಿರುಗಿಸು ಅನ್ನು ಅವರಿಗೆ.”

ಈ ಸಲ ಪರ್ವಾಲೇದು ಅನ್ನಲಿಲ್ಲ. ತಿರುಗಿಸಿದೆವು.

ಚಿತ್ರದುರ್ಗದ ಡಾಕ್ಟರು ವಯಸ್ಸಿನದು, ಇವತ್ತಲ್ಲ ನಾಳೆ ಹೀಗೇ ಆಗುತ್ತಿತ್ತು ಅಂದರಂತೆ. ಅಣ್ಣಾರು ಅದನ್ನು ನನಗೆ ಎರಡು ಮೂರು ಸಲ ಹೇಳಿದ್ದಾರೆ, ನನಗೆ ಸಮಾಧಾನವಾಗಲಿ ಅಂತ. ಆಗುತ್ತಿತ್ತೇನೋ. ಒಂದೆರಡು ವರ್ಷ ತಡವಾಗಿ ಆಗುತ್ತಿತ್ತೇನೋ. ಆ ಒಂದೆರಡು ವರ್ಷದಲ್ಲಿ ಎಷ್ಟು ಸಲ ಬಂದು ಮರದ ಕೆಳಗೆ ಮಂಡಕ್ಕಿ ತಿನ್ನುತ್ತಿದ್ದಳೋ ಅದನ್ನು ಡಾಕ್ಟರು ಹೇಳಲಿಲ್ಲ. ‘ಹೇಗಿದೆ’ ಅಂತ ಕೇಳಿ, ಅವಳು ಅಂದ ಮಾತನ್ನು ಇನ್ನೊಂದು ಸಲ ಕೇಳಿದ್ದರೆ ಆಗಿತ್ತು. ದಿಂಬು ಯಾಕೆ ಅಂತ ನಗದೆ ಕೇಳಿದ್ದರೆ ಆಗಿತ್ತು. ಇನ್ನೊಬ್ಬರ ಬೆನ್ನಿಗೆ ಬೀಳುವ ವಸ್ತುವನ್ನು ಕೊಟ್ಟು, ನಾನೇ ಹಿಗ್ಗಿದೆ. ಕೊಸರು ಕೊಡುವುದನ್ನು ಬಿಟ್ಟಿದ್ದೇನೆ. ಲಾರಿಯವರು ಮುಖ ಸಣ್ಣ ಮಾಡುತ್ತಾರೆ, ಮಾಡಲಿ.

ಅಕ್ಕ ಇದ್ದಾಳೆ. ಚಾಪೆಯಿಂದ ಮಂಚಕ್ಕೆ ಬಂದಿದ್ದಾಳೆ, ಮಂಚದಿಂದ ಇಳಿಯುವುದಿಲ್ಲ. ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ದಿನ, “ಬಸ್ಸಿನಾಗೆ ಬರಬ್ಯಾಡ. ಕಾರು ಕಳಿಸ್ತೀನಿ, ಹಿಂದೆ ಕುಂತ್ಕೊಂಡು ಬಾ” ಅಂದಳು.

“ನಾನು ಆ ಸೀಟಿನಾಗೆ ಕೂರಲ್ಲ” ಅಂದೆ.

“ಕುಂತು ಬಂದು ಹೆಂಗಿತ್ತು ಅಂತ ಹೇಳಬೇಕು ನನಗೆ. ಬಸ್ಸಿನಾಗೆ ಬಂದ್ರೆ ಏನ್ ಹೇಳ್ತೀಯಾ?”

ಅದಕ್ಕೆ ಈಗ ಕಾರಿನಲ್ಲೇ ಹೋಗುತ್ತೇನೆ. ಇಷ್ಟವಿಲ್ಲ, ಆದರೂ ಕೂರುತ್ತೇನೆ. ಅವಳ ಮಂಚದ ಪಕ್ಕ ನೆಲಕ್ಕೆ ಕೂತು ದಾರಿ ಹೇಳುತ್ತೇನೆ. ನಾನು ಬಂದ ದಾರಿ ಅವಳಿಗೆ ಬೇಡ, ಅವಳು ಬರುತ್ತಿದ್ದ ದಾರಿ ಬೇಕು. ಆದ್ದರಿಂದ ಉಲ್ಟಾ ಹೇಳಬೇಕು: ಅವಳ ಹೊಸ್ತಿಲಿನಿಂದ ಶುರು ಮಾಡಿ, ಬಂಡೆ ಗುಡ್ಡದ ಪಕ್ಕದ ತಿರುವು, ಹಾನಗಲ್ ಕ್ರಾಸು, ಹೆದ್ದಾರಿ, ಕುರಿಮಂದೆ ಅಡ್ಡ ಬಂದದ್ದು, ಹೊಸದಾಗಿ ಡಾಂಬರು ಹಾಕಿದ ತುಂಡು, ಹಾಕದೆ ಬಿಟ್ಟ ತುಂಡು.

“ಆ ಮೋರಿ ಹತ್ರ ಹೆಂಗೈತೆ?” ಅಂತ ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ.

“ಗೊತ್ತಾಗಲಿಲ್ಲ.”

“ವಾಲ್ತಾ?”

“ಇಲ್ಲ.”

“ಹೂಂ, ಮುಂದೆ ಹೇಳು.”

ಹೇಳುತ್ತೇನೆ. ತಳಕು ಬರುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತದೆ. ಇವತ್ತಿನವರೆಗೆ ಒಂದು ಸಲವೂ ಚಳ್ಳಕೆರೆ ಮುಟ್ಟಿಲ್ಲ. ನಾನು ಬಾಯಿ ಮುಚ್ಚಿ, ಅವಳ ಹೊದಿಕೆ ಸರಿ ಮಾಡಿ ಎದ್ದು ಹೊರಗೆ ಬರುತ್ತೇನೆ. ಅಣ್ಣಾರು ಹಿಂದಿನ ಬಾಗಿಲು ತೆಗೆದು ನಿಂತಿರುತ್ತಾರೆ.